ಆ ಕಾರಿಗೆ ಪೇಂಟ್ ಹೊಡೆಯಬೇಡಿ

ನಿನ್ನೆ ರಾತ್ರಿ ನೋಡಿದ ಒಂದು ವಿಡಿಯೊ ಇನ್ನೂ ತಲೆಯಿಂದ ಇಳಿದಿಲ್ಲ. ಸುಮಾರು ನೂರು ವರ್ಷ ಹಳೆಯ ರೇಸಿಂಗ್ ಕಾರು. ಯಾವುದೋ ಶೆಡ್ಡಿನಿಂದ ಎಳೆದು ತಂದಿದ್ದಾರೆ. ಬಾನೆಟ್ ಮೇಲೆ ಕೈಯಲ್ಲಿ ಬರೆದ ನಂಬರ್ ಮಸುಕಾಗಿ ಕಾಣುತ್ತಿತ್ತು. ಬಾನೆಟ್ ಬಿಗಿಯುವ ಚರ್ಮದ ಬೆಲ್ಟ್ ಉಜ್ಜಿ ಉಜ್ಜಿ ಅಲ್ಲಿನ ಬಣ್ಣ ಸವೆದಿತ್ತು. ಮುಂದಿನ ದೃಶ್ಯದಲ್ಲಿ ಸ್ಯಾಂಡ್ ಬ್ಲಾಸ್ಟಿಂಗ್, ಅಂದರೆ ರಭಸವಾಗಿ ಮರಳು ಸಿಡಿಸಿ ಹಳೆಯ ಬಣ್ಣ ಕೀಳುವುದು. ಎರಡೇ ನಿಮಿಷ, ಎಲ್ಲ ಹೋಯಿತು. ಆಮೇಲೆ ಪುಟ್ಟಿ, ಪ್ರೈಮರ್, ಕನ್ನಡಿಯ ಹಾಗೆ ಹೊಳೆಯುವ ಕೆಂಪು ಪೇಂಟ್. ಕೆಳಗೆ ಸಾವಿರಾರು ಕಾಮೆಂಟು. "ಸೂಪರ್", "ಹೊಸ ಜೀವ ಕೊಟ್ಟಿದ್ದೀರಿ" ಅಂತ.

ಹೊಸ ಜೀವ ಅಲ್ಲ ಸ್ವಾಮಿ. ಇದ್ದ ಜೀವವನ್ನೂ ತೆಗೆದಿದ್ದಾರೆ.

ಮಿಶಿಗನ್‌ನ ಡಿಯರ್‌ಬಾರ್ನ್‌ನಲ್ಲಿರುವ ಹೆನ್ರಿ ಫೋರ್ಡ್ ಮ್ಯೂಸಿಯಂಗೆ ಹೋದಾಗಲೆಲ್ಲ ನಾನು ಒಂದೇ ಕಾರಿನ ಫೋಟೊ ಹಾಕುತ್ತೇನೆ ಅನ್ನೋದು ನಿಮಗೆಲ್ಲ ಗೊತ್ತು. ಲೋಕೊಮೊಬೈಲ್ ಕಂಪನಿಯ 'ಓಲ್ಡ್ 16'. 1906ರಲ್ಲಿ ರೇಸಿಗೆಂದೇ ಕಟ್ಟಿದ ಗಾಡಿ. ನಾಲ್ಕೇ ಸಿಲಿಂಡರ್, ಆದರೆ ಎಂಜಿನ್ 16 ಲೀಟರಿಗೂ ಜಾಸ್ತಿ. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವುದು ಚೈನ್ ಮೂಲಕ. ಮುಂದೆ ಗಾಜಿಲ್ಲ, ಪಕ್ಕಕ್ಕೆ ಬಾಗಿಲಿಲ್ಲ, ಮೇಲೆ ಟಾಪ್ ಇಲ್ಲ. ಎರಡು ಸೀಟು, ಅಷ್ಟೇ. 1908ರ ಅಕ್ಟೋಬರ್ 24ರಂದು ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ನಡೆದ ವಾಂಡರ್‌ಬಿಲ್ಟ್ ಕಪ್ ಗೆದ್ದಿದ್ದು ಇದೇ ಕಾರು. 258 ಮೈಲಿ, ಗಂಟೆಗೆ ಸರಾಸರಿ 64 ಮೈಲಿ. ಅಲ್ಲಿಯವರೆಗೆ ಆ ಕಪ್ಪನ್ನು ಫ್ರಾನ್ಸ್‌ನ ಕಾರುಗಳೇ ಒಯ್ಯುತ್ತಿದ್ದವು. ಅಮೆರಿಕದ ಕಾರು ಗೆದ್ದಿದ್ದು ಅದೇ ಮೊದಲು.

ಆ ಕಾರಿಗೆ ಇವತ್ತಿನವರೆಗೆ ಯಾರೂ ಹೊಸ ಬಣ್ಣ ಬಳಿದು ಹೊಳಪು ಕೊಟ್ಟಿಲ್ಲ. ಮಾಸಿದ ಬಣ್ಣ ಮಾಸಿದ ಹಾಗೇ ಇದೆ. ಅದರ ಮುಂದೆ ನಿಂತರೆ ನಿಮಗೆ ರೇಸ್ ಕಾಣುತ್ತದೆ.

ಈ ಪುಣ್ಯ ಪೀಟರ್ ಹೆಲ್ಕ್ ಅವರದ್ದು. ಚಿತ್ರಕಾರರು. ಹುಡುಗನಾಗಿದ್ದಾಗ ಅದೇ ಲಾಂಗ್ ಐಲೆಂಡ್ ರಸ್ತೆಗಳಲ್ಲಿ ವಾಂಡರ್‌ಬಿಲ್ಟ್ ಕಪ್ ನೋಡಿದ್ದರು. ದೊಡ್ಡವರಾಗಿ ಹಳೆಯ ರೇಸುಗಳನ್ನೇ ಚಿತ್ರಿಸಿದರು, ಅವುಗಳ ಬಗ್ಗೆಯೇ ಬರೆದರು. 1941ರಲ್ಲಿ ಓಲ್ಡ್ 16 ಅನ್ನು ಕೊಂಡುಕೊಂಡರು. ಆಮೇಲೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಅವರ ಕುಟುಂಬದಲ್ಲೇ ಇತ್ತು. ಬೀರುವಿನಲ್ಲಿ ಇಡೋ ಗೊಂಬೆಯ ಹಾಗೆ ಇಡಲಿಲ್ಲ, ಓಡಿಸಿದರು. ಆದರೆ ಪೇಂಟ್ ಹೊಡೆಸಲಿಲ್ಲ. ದುಡ್ಡು ಖರ್ಚು ಮಾಡಿ ಹೊಳಪು ತರುವುದು ಸುಲಭ. ಬಂದವರೆಲ್ಲ "ಬಣ್ಣ ಮಾಡಿಸಬಾರದಾ" ಅಂತ ಕೇಳುತ್ತಿದ್ದರೂ ಹಾಗೇ ಉಳಿಸಿಕೊಳ್ಳುವುದಕ್ಕೆ ಬೇರೆಯದೇ ಪ್ರೀತಿ ಬೇಕು.

ನಾನು ಆ ಕಾರಿನ ಹತ್ತಿರ ಹೋದರೆ ಮೊದಲು ನೋಡುವುದು ಡ್ರೈವರ್ ಸೀಟಲ್ಲ, ಎಡಗಡೆಯ ಸೀಟು. ಅಲ್ಲಿ ಕೂತಿದ್ದವರು ಗ್ಲೆನ್ ಎಥ್ರಿಜ್ ಅನ್ನೋ ಮೆಕ್ಯಾನಿಕ್. ಗೆದ್ದ ಡ್ರೈವರ್ ಜಾರ್ಜ್ ರಾಬರ್ಟ್‌ಸನ್ ಹೆಸರು ಎಲ್ಲ ಕಡೆ ಇದೆ. ಎಥ್ರಿಜ್ ಹೆಸರು ಹುಡುಕಬೇಕು. ಆಗಿನ ದೊಡ್ಡ ರೇಸುಗಳಲ್ಲಿ ಡ್ರೈವರ್ ಒಬ್ಬನೇ ಹೋಗುತ್ತಿರಲಿಲ್ಲ. ನಮ್ಮ ಲಾರಿಗಳಲ್ಲಿ ಕ್ಲೀನರ್ ಇರುವ ಹಾಗೆ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಇರುತ್ತಿದ್ದ. ಪೆಟ್ರೋಲ್ ಟ್ಯಾಂಕಿನ ಒತ್ತಡ ಇಳಿಯದ ಹಾಗೆ ಕೈಯಲ್ಲಿ ಪಂಪ್ ಹೊಡೆಯಬೇಕು. ಎಂಜಿನ್‌ಗೆ ಎಣ್ಣೆ ಹೋಗುತ್ತಿದೆಯಾ ನೋಡಬೇಕು. ಹಿಂದಿನಿಂದ ಯಾರು ಬರುತ್ತಿದ್ದಾರೆ, ಟೈರು ಎಲ್ಲಿ ಸೀಳುತ್ತಿದೆ ಅಂತ ತಿರುಗಿ ತಿರುಗಿ ನೋಡಿ ಡ್ರೈವರ್‌ಗೆ ಸನ್ನೆ ಮಾಡಬೇಕು. ಆ ಸದ್ದಿನಲ್ಲಿ ಮಾತು ಎಲ್ಲಿ ಕೇಳಬೇಕು? ಟೈರು ಹೋದರೆ ಹಾರಿ ಇಳಿದು ಬದಲಾಯಿಸಬೇಕು. 1908ರ ಆ ರೇಸಿನ ಕೊನೆಯ ಹಂತದಲ್ಲಿ ಓಲ್ಡ್ 16ರ ಟೈರು ಹೋಯಿತು. ಇಬ್ಬರೂ ಇಳಿದು ಹಾಕಿ ಮತ್ತೆ ಹೊರಟರು. ಕೊನೆಗೆ ಗೆದ್ದಿದ್ದು ಎರಡು ನಿಮಿಷಕ್ಕೂ ಕಡಿಮೆ ಅಂತರದಲ್ಲಿ. ಆ ಟೈರಿನ ಹತ್ತಿರ ಎಥ್ರಿಜ್ ಕೈ ಸ್ವಲ್ಪ ನಿಧಾನವಾಗಿದ್ದರೆ ಕಪ್ ಇಟಲಿಯ ಈಸೊಟ್ಟಾ ಕಾರಿಗೆ ಹೋಗುತ್ತಿತ್ತು.

ಸೀಟ್ ಬೆಲ್ಟ್ ಇಲ್ಲ, ಹೆಲ್ಮೆಟ್ ಇಲ್ಲ. ಹಿಡಿದುಕೊಳ್ಳಲು ಸ್ಟಿಯರಿಂಗ್ ಕೂಡ ಇಲ್ಲ. ಗಾಡಿ ಮಗುಚಿದರೆ ಮೊದಲು ಎಸೆಯಲ್ಪಡುತ್ತಿದ್ದವನು ಮೆಕ್ಯಾನಿಕ್ಕೇ. 1903ರ ಪ್ಯಾರಿಸ್–ಮ್ಯಾಡ್ರಿಡ್ ರೇಸ್ ಅಂದರೆ ಎಲ್ಲರೂ ಮಾರ್ಸೆಲ್ ರೆನೊ ಸಾವಿನ ಬಗ್ಗೆ ಹೇಳುತ್ತಾರೆ. ಎಷ್ಟೆಂದರೂ ರೆನೊ ಕಂಪನಿ ಕಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬರು. ಅದೇ ರೇಸಿನಲ್ಲಿ ಡ್ರೈವರ್ ಲೊರೇನ್ ಬ್ಯಾರೋ ಅವರ ಕಾರು ಮರಕ್ಕೆ ಗುದ್ದಿ ಮೆಕ್ಯಾನಿಕ್ ಪಿಯೆರ್ ರೋಡೆ ಸತ್ತ. ಲೆಸ್ಲಿ ಪೋರ್ಟರ್ ಅವರ ಕಾರಿನಲ್ಲಿದ್ದ ಮೆಕ್ಯಾನಿಕ್ ನಿಕ್ಸನ್ ಕೂಡ ಸತ್ತ. ರಸ್ತೆ ಬದಿ ನಿಂತಿದ್ದ ಜನರೂ ಸತ್ತರು. ಸಾವುಗಳ ಸುದ್ದಿ ಬಂದ ಮೇಲೆ ಫ್ರೆಂಚ್ ಸರ್ಕಾರ ರೇಸನ್ನು ನಡುದಾರಿಯ ಬೋರ್ಡೋ ನಗರದಲ್ಲೇ ನಿಲ್ಲಿಸಿತು. ನಿಕ್ಸನ್, ರೋಡೆ ಇವರ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ?

1894ರ ಪ್ಯಾರಿಸ್–ರುವಾಂ ಸ್ಪರ್ಧೆಯಲ್ಲೂ ಇದೇ ಕಥೆ. ಮೊದಲು ತಲುಪಿದ್ದು ಕೌಂಟ್ ದ ದಿಯೋನ್ ಅವರ ಉಗಿಗಾಡಿ. ಆದರೆ ಮೊದಲ ಬಹುಮಾನ ಸಿಗಲಿಲ್ಲ. ಯಾಕೆ? ಬೆಂಕಿಗೆ ಇಂಧನ ಹಾಕಲು ಇನ್ನೊಬ್ಬ ಆಳು ಬೇಕಿತ್ತು, ಅದಕ್ಕೆ. ಕಾರು ಸ್ಪರ್ಧೆಗಳ ಶುರುವಿನಿಂದಲೂ ಪಕ್ಕದವನನ್ನು ಲೆಕ್ಕದಿಂದ ಹೊರಗೆ ಇಡುತ್ತಲೇ ಬಂದಿದ್ದಾರೆ.

ಪೇಂಟ್ ವಿಷಯಕ್ಕೆ ನನಗೆ ಯಾಕಿಷ್ಟು ಸಿಟ್ಟು ಅಂದರೆ ಇದಕ್ಕೇ. ಈ ಮೆಕ್ಯಾನಿಕ್‌ಗಳಲ್ಲಿ ಹೆಚ್ಚಿನವರು ಪುಸ್ತಕ ಬರೆಯಲಿಲ್ಲ, ಅವರ ಸಂದರ್ಶನ ಯಾರೂ ಮಾಡಲಿಲ್ಲ. ಅವರ ಬಗ್ಗೆ ಉಳಿದಿರುವ ಸಾಕ್ಷಿ ಕಾರಿನ ಮೈಮೇಲೇ ಇದೆ. ಅವಸರದಲ್ಲಿ ಬಡಿದ ರಿವೆಟ್, ಸ್ಪ್ಯಾನರ್ ಜಾರಿ ಬಿದ್ದ ಗೀರು, ಕಾಲಿಟ್ಟು ಕಾಲಿಟ್ಟು ಸವೆದ ತಗಡು. ಎಮೆರಿ ಪೇಪರ್ ಹಿಡಿದವರು ಮೊದಲು ಅಳಿಸುವುದೇ ಇವನ್ನು. ಡ್ರೈವರ್ ಹೆಸರು ಕಪ್ ಮೇಲೆ ಕೆತ್ತಿರುತ್ತದೆ, ಅದು ಎಲ್ಲೂ ಹೋಗುವುದಿಲ್ಲ.

ನಮ್ಮಪ್ಪ ಜೀವನಪೂರ್ತಿ ಲಾರಿ ಗ್ಯಾರೇಜಿನಲ್ಲಿ ದುಡಿದವರು. ಹಳೆಯ ಗೆಳೆಯರಿಗೆ ಗೊತ್ತು. ಅಪ್ಪ ಕೆಲಸ ಮಾಡುತ್ತಿರುವ ಒಂದು ಫೋಟೊ ಕೂಡ ನಮ್ಮ ಮನೆಯಲ್ಲಿಲ್ಲ. ಮದುವೆ ಫೋಟೊ ಇದೆ, ತಿರುಪತಿಯಲ್ಲಿ ತೆಗೆಸಿದ್ದು ಇದೆ. ಲಾರಿ ಕೆಳಗೆ ಮಲಗಿ ಗೇರ್ ಬಾಕ್ಸ್ ಇಳಿಸುತ್ತಿದ್ದ ಅಪ್ಪನ ಫೋಟೊ ಇಲ್ಲ. ಅವರು ಬೆಸುಗೆ ಹಾಕಿದ ಛಾಸಿಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಯಾರದೋ ಕೈಕೆಲಸದ ಗುರುತು ನೂರು ವರ್ಷ ಉಳಿದು ಬಂದು ಎರಡು ನಿಮಿಷದಲ್ಲಿ ಅಳಿದುಹೋಗುವುದನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಗ ಕೆಲವರು ಹೇಳುತ್ತಾರೆ, "ಫ್ಯಾಕ್ಟರಿಯಿಂದ ಬಂದ ದಿನ ಕಾರು ಹೊಳೆಯುತ್ತಿತ್ತಲ್ಲ, ನಾವು ಆ ರೂಪಕ್ಕೇ ತರುತ್ತಿದ್ದೇವೆ" ಅಂತ. ಒಪ್ಪಿದೆ, ಹೊಳೆಯುತ್ತಿತ್ತು. ಆದರೆ ಆ ದಿನ ಅದು ಏನು ಮಾಡಿತ್ತು? ಒಂದು ಮೈಲಿಯೂ ಓಡಿರಲಿಲ್ಲ. ನೀವು ಅದನ್ನು ಉಳಿಸುತ್ತಿರುವುದು ರೇಸ್ ಗೆದ್ದಿದ್ದಕ್ಕೆ. ಆಮೇಲೆ ರೇಸಿನ ಗುರುತನ್ನೇ ಅಳಿಸುತ್ತೀರಿ. ಇದು ಯಾವ ನ್ಯಾಯ? ತುಕ್ಕು ಹಿಡಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ ಅನ್ನೋರಿಗೆ ಉತ್ತರ ಸುಲಭ. ತುಕ್ಕು ನಿಲ್ಲಿಸಿ, ಟೈರ್ ಬದಲಿಸಿ, ಬ್ರೇಕ್ ಸರಿ ಮಾಡಿ. ಅದಕ್ಕೆ ಬಾನೆಟ್ ಮೇಲಿನ ಹಳೆಯ ನಂಬರ್ ಯಾಕೆ ಹೋಗಬೇಕು? ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಕೂಡ ಟ್ಯೂರಿನ್ ಚಾರ್ಟರ್ ಅನ್ನೋ ತನ್ನ ಮಾರ್ಗಸೂಚಿಯಲ್ಲಿ ಮೂಲ ವಸ್ತುವನ್ನು ಆದಷ್ಟು ಉಳಿಸಿಕೊಳ್ಳಿ ಅನ್ನುತ್ತದೆ. ಹೊಳಪಿಗೆ ಹೆಸರಾದ ಅಮೆರಿಕದ ಪೆಬಲ್ ಬೀಚ್ ಕಾರು ಪ್ರದರ್ಶನದಲ್ಲೇ ಈಗ ಇದ್ದ ಹಾಗೆ ಉಳಿಸಿದ ಕಾರುಗಳಿಗೆ ಬೇರೆ ವಿಭಾಗ ಇದೆ.

ಗುರುತು ಅಳಿಸಿದರೆ ಏನು ಕಳೆದುಕೊಳ್ಳುತ್ತೇವೆ ಅನ್ನೋದಕ್ಕೆ ಥಾಮಸ್ ಫ್ಲೈಯರ್ ಅನ್ನೋ ಅಮೆರಿಕದ ಕಾರಿನ ಕಥೆ ಕೇಳಿ. 1908ರ ಫೆಬ್ರುವರಿ 12ರಂದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಿಂದ ಪ್ಯಾರಿಸ್‌ಗೆ ರೇಸ್ ಹೊರಟಿತು. ಅಮೆರಿಕ ದಾಟಿ, ಹಡಗಿನಲ್ಲಿ ಜಪಾನ್, ಅಲ್ಲಿಂದ ಸೈಬೀರಿಯಾ, ಆಮೇಲೆ ಯುರೋಪ್. ಹೊರಟಾಗ ಥಾಮಸ್ ಕಾರಿನ ಸ್ಟಿಯರಿಂಗ್ ಮಾಂಟೇಗ್ ರಾಬರ್ಟ್ಸ್ ಕೈಯಲ್ಲಿತ್ತು. ಜಾರ್ಜ್ ಶುಸ್ಟರ್ ಮೆಕ್ಯಾನಿಕ್ ಆಗಿ ಬಂದವರು. ಪ್ಯಾರಿಸ್ ಮುಟ್ಟಿದ್ದು ಜುಲೈ 30ಕ್ಕೆ, ಆಗ ಗಾಡಿಯ ಮುಖ್ಯಸ್ಥ ಅದೇ ಮೆಕ್ಯಾನಿಕ್! ಜರ್ಮನಿಯ ಪ್ರೋಟೊಸ್ ನಾಲ್ಕು ದಿನ ಮೊದಲೇ ತಲುಪಿತ್ತು. ಆದರೆ ಅಮೆರಿಕದಲ್ಲಿ ಸ್ವಲ್ಪ ದೂರ ರೈಲಿನಲ್ಲಿ ಬಂದಿದ್ದಕ್ಕೆ, ಮೊದಲ ಯೋಜನೆಯಲ್ಲಿದ್ದ ಅಲಾಸ್ಕಾಗೆ ಹೋಗದೆ ಇದ್ದಿದ್ದಕ್ಕೆ ಅದಕ್ಕೆ 30 ದಿನಗಳ ದಂಡ ಬಿತ್ತು. ಗೆದ್ದಿದ್ದು ಥಾಮಸ್.

ಇಷ್ಟೆಲ್ಲ ಆದ ಗಾಡಿ, ಕಂಪನಿ ದಿವಾಳಿಯಾದಾಗ 1913ರಲ್ಲಿ ಹರಾಜಾಯಿತು. ಕೈಯಿಂದ ಕೈಗೆ ಹೋಗಿ 1964ರಲ್ಲಿ ನೆವಾಡಾದ ಬಿಲ್ ಹ್ಯಾರಾ ಅವರ ಸಂಗ್ರಹಕ್ಕೆ ಬಂತು. ಇದು ನಿಜವಾಗಿ ಅದೇ ಕಾರಾ? ಹ್ಯಾರಾ ಶುಸ್ಟರ್ ಅವರನ್ನೇ ಕರೆಸಿದರು. ಆಗ ಶುಸ್ಟರ್‌ಗೆ 91 ವರ್ಷ. ಮೊದಲಿಗೆ ಅವರಿಗೂ ನಂಬಿಕೆ ಬರಲಿಲ್ಲ. ಗಾಡಿ ಬಿಚ್ಚುತ್ತಾ ಹೋದಾಗ ದಾರಿಯಲ್ಲಿ ತಾವು ಮಾಡಿದ್ದ ರಿಪೇರಿಗಳ ಗುರುತು ಸಿಕ್ಕಿದವು. ಆಗ ಹೌದು, ಇದೇ ಅಂದರು. ನಡುವೆ ಯಾರಾದರೂ ಆ ಛಾಸಿಯನ್ನು ಉಜ್ಜಿ ನುಣುಪು ಮಾಡಿದ್ದರೆ ಆ ಮುದುಕರು ಏನು ನೋಡಿ ಗುರುತಿಸಬೇಕಿತ್ತು?

ಹ್ಯಾರಾ ಕೂಡ ಅದನ್ನು ರಿಪೇರಿ ಮಾಡಿಸಿದರಲ್ಲ ಅಂತ ನೀವು ಕೇಳಬಹುದು. ಮಾಡಿಸಿದರು. ಆದರೆ ಶೋರೂಮ್ ರೂಪಕ್ಕಲ್ಲ, ಪ್ಯಾರಿಸ್ ತಲುಪಿದಾಗ ಹೇಗಿತ್ತೋ ಆ ರೂಪಕ್ಕೆ. ಈಗಲೂ ರೀನೋ ನಗರದ ಮ್ಯೂಸಿಯಂನಲ್ಲಿ ಹಾಗೇ ನಿಂತಿದೆ. ನನ್ನ ತಕರಾರು ರಿಪೇರಿ ಬಗ್ಗೆ ಅಲ್ಲ.

ರಸ್ತೆಗಳನ್ನು ಉಳಿಸುವವರೂ ಇದ್ದಾರೆ. 1908ರ ವಾಂಡರ್‌ಬಿಲ್ಟ್ ಕಪ್ ರೇಸ್ ಓಡಿದ್ದು ಭಾಗಶಃ ಲಾಂಗ್ ಐಲೆಂಡ್ ಮೋಟರ್ ಪಾರ್ಕ್‌ವೇ ಮೇಲೆ. ಕಾರಿಗೆಂದೇ ಕಟ್ಟಿದ ಟೋಲ್ ರಸ್ತೆ ಅದು. 1938ರಲ್ಲಿ ಮುಚ್ಚಿತು. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಉಳಿದ ತುಂಡಿನ ಮೇಲೆ ಈಗ ಜನ ಸೈಕಲ್ ಹೊಡೆಯುತ್ತಾರೆ, ವಾಕಿಂಗ್ ಮಾಡುತ್ತಾರೆ. ಹಳೆಯ ಸೇತುವೆ, ಹಳೆಯ ಕಾಂಕ್ರೀಟ್ ಎಲ್ಲೆಲ್ಲಿ ಉಳಿದಿದೆ ಅಂತ ಹುಡುಕಿ ಫೋಟೊ ತೆಗೆದು ದಾಖಲೆ ಮಾಡುವ ಹವ್ಯಾಸಿಗಳು ಅಲ್ಲಿದ್ದಾರೆ. ಕೆಲಸ ಮುಗಿಸಿ ಬಂದ ಹೊತ್ತಿನಲ್ಲಿ, ಕೈಯಿಂದ ದುಡ್ಡು ಹಾಕಿ ಮಾಡುತ್ತಾರೆ. ಅಂಥವರನ್ನು ಕಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ನಮ್ಮ ಕಡೆಯೂ ಅಜ್ಜನ ಕಾಲದ ಕಾರು, ಜೀಪು, ಬುಲೆಟ್ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದೀರಿ. ಟಿಂಕರಿಂಗ್ ಪೇಂಟಿಂಗ್‌ನವರಿಗೆ ಫೋನ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಹಗಲು ಬೆಳಕಿನಲ್ಲಿ ಗಾಡಿಯ ಒಳಗೆ, ಹೊರಗೆ, ಅಡಿಯಲ್ಲಿ ಫೋಟೊ ತೆಗೆಯಿರಿ. ಅದನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿ ಯಾರು ಅಂತ ಮನೆಯ ಹಿರಿಯರನ್ನು ಕೇಳಿ ಹೆಸರು ಬರೆದಿಡಿ. ಫೋಟೊ ನನಗೂ ಕಳಿಸಿ. ಪೇಂಟ್ ಬೇಕೋ ಬೇಡವೋ ಆಮೇಲೆ ಕೂತು ಜಗಳ ಆಡೋಣ.