ಜೇನು ಸಂಘದ ಸಭೆ ಮಳೆಗಾಲದಲ್ಲೂ ನಡೆಯಲಿ

ನಮ್ಮ ಸುಳ್ಯ, ಪುತ್ತೂರು ಕಡೆ ಜೇನು ಸಾಕುವವರ ಸಭೆ, ತರಬೇತಿ, ಮಾಹಿತಿ ಶಿಬಿರ ಹೆಚ್ಚಾಗಿ ನಡೆಯುವುದು ನವೆಂಬರಿನಿಂದ ಏಪ್ರಿಲ್ ಒಳಗೆ. ಆಗ ಬಿಸಿಲಿರುತ್ತದೆ, ಹೂವಿರುತ್ತದೆ. ಪೆಟ್ಟಿಗೆ ತೆರೆದರೆ ತುಂಬಿದ ಎರಿ (ನೊಣ ಕಟ್ಟುವ ಮೇಣದ ಗೂಡು) ಕಾಣುತ್ತದೆ. ಫೋಟೋ ಕೂಡ ಚೆನ್ನಾಗಿ ಬರುತ್ತದೆ. ಜೂನಿನಲ್ಲಿ ಮಳೆ ಹಿಡಿಯಿತು ಅಂದರೆ ಎಲ್ಲ ನಿಲ್ಲುತ್ತದೆ. ಮತ್ತೆ ಒಟ್ಟು ಸೇರುವುದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಎಷ್ಟೋ ಹೊಸಬರ ಪೆಟ್ಟಿಗೆ ಖಾಲಿಯಾಗಿರುತ್ತದೆ. "ಜೇನು ಬಿಟ್ಟು ಹೋಯ್ತು, ನಮಗೆ ಆಗಿ ಬರುವುದಿಲ್ಲ" ಅಂತ ಹೇಳಿ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿರುತ್ತಾರೆ.

ಆಗಿ ಬರುವುದಿಲ್ಲ ಅಂತ ಏನಿಲ್ಲ. ಯಾವಾಗ ಕಲಿಸಬೇಕಿತ್ತೋ ಆಗ ಯಾರೂ ಜೊತೆಗೆ ಇರಲಿಲ್ಲ, ಅಷ್ಟೇ.

ನಮ್ಮದು ತುಡುವೆ ಜೇನು, ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನದೇ ಜಾತಿ. ಇದರ ಸ್ವಭಾವ ಗೊತ್ತಿದ್ದವರಿಗೆ ಗೊತ್ತು: ಕಷ್ಟ ಬಂದರೆ ಗೂಡು ಬಿಟ್ಟು ಹೊರಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಗಟ್ಟಲೆ ಮಳೆ ಸುರಿಯುವಾಗ ಜೇನುನೊಣಗಳು ಹೊರಗೆ ಹೋಗಲು ಆಗುವುದಿಲ್ಲ. ಹೋದರೂ ಹೂವು ಕಡಿಮೆ. ಕೂಡಿಟ್ಟ ಜೇನು ಕರಗುತ್ತಾ ಬರುತ್ತದೆ. ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ. ನೊಣದ ಸಂಖ್ಯೆ ಇಳಿದಾಗ ಎಲ್ಲ ಎರಿಗಳನ್ನೂ ಕಾಯುವುದಕ್ಕೆ ಆಗುವುದಿಲ್ಲ. ಕಾವಲಿಲ್ಲದ ಎರಿಗೆ ಮೇಣದ ಹುಳು ಬೀಳುತ್ತದೆ, ಒಳಗೆಲ್ಲ ಬಲೆ ಹೆಣೆಯುತ್ತದೆ. ಇರುವೆ ತಡೆಯಲು ಸ್ಟ್ಯಾಂಡಿನ ಕಾಲಿಗೆ ಇಟ್ಟ ನೀರಿನ ಬಟ್ಟಲಿಗೆ ಕಸ ಬಿದ್ದು ಸೇತುವೆಯಾದರೆ ಇರುವೆ ಹತ್ತುತ್ತದೆ. ಇಷ್ಟೆಲ್ಲ ಆದ ಮೇಲೆ ಒಂದು ದಿನ ಮಳೆ ಹೊಳವಾದಾಗ ಇಡೀ ಕುಟುಂಬ ಎದ್ದು ಹೋಗುತ್ತದೆ. ನೋಡುವವರಿಗೆ ಇದ್ದಕ್ಕಿದ್ದಂತೆ ಹೋಯಿತು ಅನಿಸುತ್ತದೆ. ನಿಜವಾಗಿ ಅದು ವಾರಗಟ್ಟಲೆ ಸೂಚನೆ ಕೊಟ್ಟಿರುತ್ತದೆ.

ಆ ಸೂಚನೆಗಳನ್ನು ಓದುವುದು ಮಳೆಗಾಲದಲ್ಲಿ, ತೆರೆದ ಪೆಟ್ಟಿಗೆಯ ಎದುರು ನಿಂತೇ ಕಲಿಯಬೇಕು. ಪೆಟ್ಟಿಗೆಯನ್ನು ಹಿಂದಿನಿಂದ ಒಂಚೂರು ಎತ್ತಿ ನೋಡಿದರೆ ಒಳಗೆ ಆಹಾರ ಎಷ್ಟಿದೆ ಅಂತ ಅನುಭವಿಗಳು ಹೇಳಿಬಿಡುತ್ತಾರೆ. ಆ ತೂಕ ಅವರ ಕೈಗೆ ಗೊತ್ತು. ಅದನ್ನು ಬೋರ್ಡಿನ ಮೇಲೆ ಬರೆದು ಹೇಳಿಕೊಡಲು ಆಗುವುದಿಲ್ಲ. ಹೊಸಬರು ಅವರ ಪಕ್ಕ ನಿಂತು, ತುಂಬಿದ ಪೆಟ್ಟಿಗೆಯನ್ನೂ ಹಗುರಾದ ಪೆಟ್ಟಿಗೆಯನ್ನೂ ಒಂದಾದ ಮೇಲೆ ಒಂದು ಎತ್ತಿ ನೋಡಬೇಕು. ಹಾಗೆಯೇ ಆಹಾರ ಕಡಿಮೆಯಾದಾಗ ನೊಣಕ್ಕೆ ಕೊಡುವ ಸಕ್ಕರೆ ಪಾಕ. ಒಂದು ಪಾಲು ಸಕ್ಕರೆಗೆ ಒಂದು ಪಾಲು ನೀರು ಅಂತ ಎಲ್ಲರೂ ಹೇಳುತ್ತಾರೆ. ಸಂಜೆ ಹೊತ್ತಲ್ಲೇ ಕೊಡಬೇಕು, ಪೆಟ್ಟಿಗೆಯ ಒಳಗೇ ಇಡಬೇಕು, ನೊಣ ಮುಳುಗದ ಹಾಗೆ ಪಾಕದ ಮೇಲೆ ಕಡ್ಡಿ ತೇಲಿಬಿಡಬೇಕು, ಹೊರಗೆ ಒಂದು ಹನಿಯೂ ಚೆಲ್ಲಬಾರದು. ಚೆಲ್ಲಿದರೆ ಇರುವೆಯೂ ಬರುತ್ತದೆ, ಪಕ್ಕದ ಪೆಟ್ಟಿಗೆಯ ನೊಣವೂ ದೋಚಲು ಬರುತ್ತದೆ. ನೊಣ ಕೂರದ ಎರಿಯನ್ನು ಹೊರಗೆ ತೆಗೆದು ಕುಟುಂಬವನ್ನು ಒತ್ತಾಗಿ ಕೂರಿಸಬೇಕು. ಯಾವ ಎರಿ ತೆಗೆಯುವುದು, ಯಾವುದು ಬಿಡುವುದು? ಇದಕ್ಕೆ ಉತ್ತರ ಪ್ರತಿ ಪೆಟ್ಟಿಗೆಗೂ ಬೇರೆ.

ಪೆಟ್ಟಿಗೆ ಹಂಚುವ ಯೋಜನೆಗಳ ಬಗ್ಗೆ ನನಗೆ ವಿರೋಧ ಇಲ್ಲ. ಖಾದಿ ಆಯೋಗದ ಹನಿ ಮಿಷನ್ 2017ರಲ್ಲಿ ಶುರುವಾಯಿತು. 2020ರಲ್ಲಿ ಕೇಂದ್ರ ಸರ್ಕಾರ ಜೇನು ಕೃಷಿಗೆ ಅಂತಲೇ 500 ಕೋಟಿ ರೂಪಾಯಿ ಘೋಷಿಸಿತು. ತೋಟಗಾರಿಕೆ ಇಲಾಖೆಯ ಸಹಾಯಧನವೂ ಇದೆ. ಒಳ್ಳೆಯದೇ. ಆದರೆ ಪೆಟ್ಟಿಗೆ ಕೊಟ್ಟ ದಿನ ಇರುವ ಗದ್ದಲ ಆಮೇಲೆ ಇರುವುದಿಲ್ಲ. ನಮ್ಮ ಕಡೆ ಒಂದು ತರಬೇತಿಗೆ ಹೋಗಿದ್ದೆ. ಸಭಾಂಗಣ, ಪ್ರೊಜೆಕ್ಟರು, ಮಧ್ಯಾಹ್ನದ ಊಟ ಎಲ್ಲ ಚೆನ್ನಾಗಿತ್ತು. ಪರದೆಯ ಮೇಲೆ ತೋರಿಸಿದ್ದು ಮಾತ್ರ ಪೂರ್ತಿ ಯುರೋಪಿನ ಜೇನು, ಉತ್ತರ ಭಾರತದ ಸಾಸಿವೆ ಹೊಲದಲ್ಲಿ ಸಾಲಾಗಿ ಇಟ್ಟ ದೊಡ್ಡ ಪೆಟ್ಟಿಗೆಗಳು. ಅಡಿಕೆ ತೋಟದ ಬದಿಯಲ್ಲಿ, ಹಲಸಿನ ಮರದ ಅಡಿಯಲ್ಲಿ ತುಡುವೆ ಸಾಕುವವರಿಗೆ ಅದರಲ್ಲಿ ಉಪಯೋಗಕ್ಕೆ ಬರುವುದು ಎಷ್ಟಿದೆ? ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಇರುವೆ ಬಗ್ಗೆ ಕೇಳಿದರು. ಅದಕ್ಕೆ ಸಮಯ ಸಾಲಲಿಲ್ಲ.

ಈ ಕೆಲಸ ಮಾಡಬೇಕಾದ್ದು ಸಂಘ. ವಿರಾಜಪೇಟೆ, ಭಾಗಮಂಡಲ, ಪುತ್ತೂರಿನ ಜೇನು ಸಹಕಾರ ಸಂಘಗಳ ಹೆಸರು ಈ ಭಾಗದಲ್ಲಿ ಕೇಳದವರಿಲ್ಲ. ಬೆಟ್ಟದ ಮೂಲೆಯಲ್ಲಿ ನಾಲ್ಕು ಪೆಟ್ಟಿಗೆ ಇಟ್ಟವರಿಗೂ ಜೇನಿಗೆ ಒಂದು ಬೆಲೆ ಸಿಗುವುದು ಇಂಥ ಸಂಘಗಳಿಂದ. ಜೇನು ಕೊಳ್ಳುವುದು, ನೀರಿನ ಅಂಶ ನೋಡುವುದು, ಬಾಟಲಿಗೆ ತುಂಬಿ ಮಾರುವುದು, ಪೆಟ್ಟಿಗೆ ಒದಗಿಸುವುದು ಎಲ್ಲ ಬೇಕು. ಆದರೆ ಸಂಘ ಅಂದರೆ ಜೇನು ಕೊಟ್ಟು ದುಡ್ಡು ತರುವ ಕೌಂಟರ್ ಮಾತ್ರ ಆಗಿಬಿಟ್ಟರೆ, ಕೊಡುವುದಕ್ಕೆ ಜೇನು ಇಲ್ಲದ ವರ್ಷ ಸದಸ್ಯರಿಗೆ ಅಲ್ಲಿ ಏನು ಕೆಲಸ?

ಅಂಥ ವರ್ಷಗಳನ್ನು ನಾವು ನೋಡಿದ್ದೇವೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂತು. ಥಾಯ್ಲೆಂಡಿನಲ್ಲಿ 1976ರಲ್ಲಿ ಕಂಡ ರೋಗ ಇದು. ಮರಿಹುಳ ಕೋಶದೊಳಗೆ ಬೆನ್ನ ಮೇಲೆ ಚಾಚಿಕೊಂಡು, ನೀರು ತುಂಬಿದ ಚೀಲದ ಹಾಗೆ ಆಗಿ ಸಾಯುತ್ತದೆ. ಸಾಕಿದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ನಾಶವಾದವು. ಕೊಡಗು, ದಕ್ಷಿಣ ಕನ್ನಡ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ತಲೆಮಾರಿನಿಂದ ಬಂದ ಕಸುಬು ಅಲ್ಲಿಗೆ ನಿಂತುಹೋಯಿತು. ಈಗಲೂ ಇದಕ್ಕೆ ಔಷಧಿ ಇಲ್ಲ. ಕುಟುಂಬವನ್ನು ಬಲವಾಗಿ ಇಡುವುದು, ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಹೊಸ ಮರಿ ಆಗದಂತೆ ತಡೆಯುವುದು, ರೋಗ ತಡೆದು ಉಳಿದ ಕುಟುಂಬದಿಂದಲೇ ಪಾಲು ಮಾಡಿ ಮುಂದುವರಿಸುವುದು, ದಾರಿ ಇರುವುದು ಇಷ್ಟೇ. ಈ ಮೂರಕ್ಕೂ ರೋಗ ಬೇಗ ಕಣ್ಣಿಗೆ ಬೀಳಬೇಕು. ಸಂಘದ ಸದಸ್ಯರು ತಿಂಗಳಿಗೊಮ್ಮೆ ಒಂದು ತೋಟದಲ್ಲಿ ಸೇರಿ ಎರಿ ನೋಡುತ್ತಿದ್ದರೆ, ಒಂದು ಊರಲ್ಲಿ ಕಂಡ ರೋಗದ ಸುದ್ದಿ ಪಕ್ಕದ ಊರಿಗೆ ಅದೇ ವಾರ ಮುಟ್ಟುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಹಾಕಿದರೆ ಸಾಲದಾ ಅಂತ ಕೇಳಬಹುದು. ಸಾಲುವುದಿಲ್ಲ. ರೋಗ ಹೇಗಿರುತ್ತದೆ ಅಂತ ಗೊತ್ತಿಲ್ಲದವರು ಫೋಟೋ ತೆಗೆಯುವುದೇ ಇಲ್ಲ.

ಸಭೆ ಅಂದರೆ ರೋಗ ಹರಡುವ ಜಾಗವೂ ಆಗಬಹುದು ಅನ್ನುವ ಭಯ ಕೆಲವರಿಗಿದೆ. ಅದು ನ್ಯಾಯವಾದ ಭಯ. ಹಾಗಾಗಿ ಕಟ್ಟುನಿಟ್ಟು ಬೇಕು. ಯಾರೂ ತಮ್ಮ ಚಾಕು, ಗ್ಲೌಸ್ ತರಬಾರದು. ಪೆಟ್ಟಿಗೆ ಮುಟ್ಟುವ ಮೊದಲೂ ಆಮೇಲೂ ಸೋಪಿನಲ್ಲಿ ಕೈ ತೊಳೆಯಬೇಕು. ಎರಿ, ಫ್ರೇಮು, ನೊಣ ಯಾವುದನ್ನೂ ಅಲ್ಲಿಂದ ಕೊಂಡುಹೋಗಬಾರದು. ರೋಗ ಇದೆ ಅಂತ ಗೊತ್ತಿರುವ ತೋಟದಲ್ಲಿ ಸಭೆ ಇಡಲೇಬಾರದು.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಸಭೆಗೆ ಜೇನು ಸಾಕದವರನ್ನೂ ಕರೆಯಬೇಕು. ನಮ್ಮಲ್ಲಿ ಗೇರು ಬೆಳೆಯುವವರು ಜಾಸ್ತಿ. ಟೀ ಸೊಳ್ಳೆ ಅನ್ನುವ ರಸ ಹೀರುವ ಕೀಟದ ಕಾಟಕ್ಕೆ ಚಿಗುರಿನಲ್ಲಿ, ಹೂವಿನಲ್ಲಿ, ಎಳೆಕಾಯಿಯಲ್ಲಿ ಔಷಧಿ ಹೊಡೆಯುತ್ತಾರೆ. ಹೂವಿನ ಹಂತದಲ್ಲಿ ಬೆಳಗ್ಗೆ ಹೊಡೆದರೆ ಆ ಗುಡ್ಡೆಗೆ ಹೋದ ನೊಣ ವಾಪಸ್ ಬರುವುದಿಲ್ಲ. ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ, ಅವರಿಗೂ ಬೆಳೆ ಉಳಿಯಬೇಕಲ್ವಾ? ಆದರೆ ಹಿಂದಿನ ದಿನ ಒಂದು ಫೋನ್ ಮಾಡಬಹುದು. ನೊಣ ಗೂಡಿಗೆ ಮರಳಿದ ಮೇಲೆ, ಸಂಜೆ ಹೊತ್ತು ಹೊಡೆಯಬಹುದು. ಇಂಥ ಹೊಂದಾಣಿಕೆ ನೋಟಿಸ್ ಹಂಚಿದರೆ ಆಗುವುದಿಲ್ಲ. ಒಟ್ಟಿಗೆ ಕೂತು ಚಹಾ ಕುಡಿದು, ಗೇರು ಹೂವಿನ ಮೇಲೆ ಓಡಾಡುವ ನೊಣವನ್ನು ಅವರಿಗೂ ತೋರಿಸಿ ಮಾತಾಡಿದರೆ ಆಗುತ್ತದೆ.

ಹಾಗೆಯೇ ಹೆಂಗಸರು. ಸಂಘದ ಸದಸ್ಯತ್ವ ಹೆಚ್ಚಾಗಿ ಮನೆಯ ಯಜಮಾನರ ಹೆಸರಿನಲ್ಲಿರುತ್ತದೆ, ಆಮಂತ್ರಣವೂ ಅವರಿಗೇ. ಮಳೆಯಲ್ಲಿ ಸಂಜೆ ಪಾಕ ಕಾಯಿಸಿ ಕೊಡೆ ಹಿಡಿದು ಪೆಟ್ಟಿಗೆ ಹತ್ತಿರ ಹೋಗುವವರು ಎಷ್ಟೋ ಮನೆಗಳಲ್ಲಿ ಅಕ್ಕಂದಿರು, ಅಮ್ಮಂದಿರು. ಅವರನ್ನು ಬಿಟ್ಟು ಮಾಡುವ ಸಭೆಯಲ್ಲಿ ಅರ್ಧ ಅನುಭವವೇ ಹೊರಗೆ ಉಳಿಯುತ್ತದೆ. ಹಾಲು ಕರೆಯುವ ಹೊತ್ತು, ಅಡುಗೆ ಹೊತ್ತು ನೋಡಿ ಸಮಯ ಇಟ್ಟರೆ ಅವರು ಖಂಡಿತ ಬರುತ್ತಾರೆ.

ಇದಕ್ಕೆಲ್ಲ ದೊಡ್ಡ ಬಜೆಟ್ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದು ಸಭೆ, ಪ್ರತಿ ಸಲ ಬೇರೆ ಸದಸ್ಯರ ತೋಟ. ಭಾಷಣ ಇಲ್ಲ, ಹಾರ ಇಲ್ಲ. ಮಳೆ ಬಿಟ್ಟ ಹೊತ್ತು ನೋಡಿ ಎರಡು ಪೆಟ್ಟಿಗೆ ತೆರೆಯುವುದು, ಬೇಗ ಮುಚ್ಚುವುದು. ಮಳೆ ಬಿಡದಿದ್ದರೆ ಅಂಗಳದ ಚಪ್ಪರದಡಿ ಕೂತು ಯಾರ ಪೆಟ್ಟಿಗೆ ಹೇಗಿದೆ ಅಂತ ಕೇಳುವುದು. ಯಾವ ಊರಲ್ಲಿ ಎಷ್ಟು ಕುಟುಂಬ ಬಿಟ್ಟು ಹೋಯಿತು, ಎಲ್ಲಿ ರೋಗ ಕಂಡಿತು, ಯಾವ ಮರ ಯಾವಾಗ ಹೂ ಬಿಟ್ಟಿತು ಅಂತ ಸಂಘದ ಒಂದು ಪುಸ್ತಕದಲ್ಲಿ ಬರೆದಿಡುವುದು. ಕೆಲವು ವರ್ಷ ಹೀಗೆ ಬರೆದರೆ ನಮ್ಮ ತಾಲೂಕಿಗೇ ಆದ ಜೇನಿನ ಲೆಕ್ಕ ನಮ್ಮ ಕೈಯಲ್ಲಿರುತ್ತದೆ.

ಈ ಸಲದ ಮಹಾಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ಸದಸ್ಯರಾಗಿರುವವರು ದಯವಿಟ್ಟು ಬೆಂಬಲಕ್ಕೆ ನಿಲ್ಲಿ. ನಿಮ್ಮ ಊರಿನ ಸಂಘದಲ್ಲಿ ಮಳೆಗಾಲದ ಸಭೆ ಈಗಾಗಲೇ ನಡೆಯುತ್ತಿದ್ದರೆ ಹೇಗೆ ಮಾಡುತ್ತೀರಿ ಅಂತ ಕೆಳಗೆ ಬರೆಯಿರಿ. ಮೊದಲ ಸಭೆಗೆ ನಮ್ಮ ತೋಟ ಇದೆ. ಪಾಕಕ್ಕೆ ಸಕ್ಕರೆ, ಬಂದವರಿಗೆ ಚಹಾ ನಮ್ಮ ಮನೆಯಿಂದ.