ಲಿಪ್ಟನ್ ಸಾಹೇಬರ ಆಸನ, ಮುಳ್ಳಯ್ಯನ ಗದ್ದುಗೆ

ಊರಿನಿಂದ ಕೊಲಂಬೊಕ್ಕೆ ಬರುವ ನೆಂಟರಿಗೆ ಶ್ರೀಲಂಕಾದ ಬೆಟ್ಟಸೀಮೆಯನ್ನು ತೋರಿಸುವ ಹೊಣೆ ನನ್ನದು. ಕ್ಯಾಂಡಿ, ನುವರ ಎಲಿಯ ಮುಗಿದ ಮೇಲೆ ಹಪುತಳೆಗೆ ಕರೆದೊಯ್ಯುತ್ತೇನೆ. ಅಲ್ಲಿಂದ ದಂಬತೆನ್ನ ಚಹಾ ತೋಟದ ನೆತ್ತಿಯಲ್ಲಿರುವ ಲಿಪ್ಟನ್ಸ್ ಸೀಟ್. ಮೇಲೆ ನಿಂತು ಒಂದು ಸುತ್ತು ಕಣ್ಣು ಹಾಯಿಸಿದ ನೆಂಟರು ಹೇಳುವುದು ಒಂದೇ ಮಾತು: "ನಮ್ಮ ಮುಳ್ಳಯ್ಯನಗಿರಿಯ ಹಾಗೆಯೇ ಇದೆಯಲ್ಲ!" ಎತ್ತರದ ಮಟ್ಟಿಗೆ ಒಪ್ಪುತ್ತೇನೆ, ಎರಡೂ 1,900 ಮೀಟರಿಗಿಂತ ಮೇಲಿನವು. ಗಾಳಿ, ಮಂಜಿನ ಮಟ್ಟಿಗೂ ಒಪ್ಪಬಹುದು. ಅದರಾಚೆಗೆ ಆ ಹೋಲಿಕೆ ನಿಲ್ಲುವುದಿಲ್ಲ.

ಮುಳ್ಳಯ್ಯನಗಿರಿಯ ತುದಿಯಲ್ಲಿರುವುದು ಒಬ್ಬ ತಪಸ್ವಿಯ ಗದ್ದುಗೆ. ಇಲ್ಲಿ ಕುಳಿತಿರುವುದು ತೋಟದ ಯಜಮಾನ. ಥಾಮಸ್ ಲಿಪ್ಟನ್ ಎಂಬ ಸ್ಕಾಟ್ಲೆಂಡಿನ ದಿನಸಿ ವ್ಯಾಪಾರಿ 1890ರಲ್ಲಿ ಸಿಲೋನಿಗೆ ಬಂದ. ಎರಡು ದಶಕಗಳ ಹಿಂದೆ ಕಾಲಿಟ್ಟ ಎಲೆತುಕ್ಕು ರೋಗ ಅಷ್ಟರಲ್ಲಿ ಇಲ್ಲಿನ ಕಾಫಿಯನ್ನು ನುಂಗಿ ಹಾಕಿತ್ತು, ತೋಟಗಳು ಅಗ್ಗದ ಬೆಲೆಗೆ ಸಿಗುತ್ತಿದ್ದವು. ಅವನು ಕೊಂಡ, ಚಹಾ ಬೆಳೆಸಿದ, ದಂಬತೆನ್ನದಲ್ಲಿ ಕಾರ್ಖಾನೆ ಕಟ್ಟಿಸಿದ. ತನ್ನ ಆಸ್ತಿಯನ್ನೆಲ್ಲ ಒಂದೇ ನೋಟಕ್ಕೆ ಕಾಣಲು, ಅತಿಥಿಗಳಿಗೆ ತೋರಿಸಲು ಈ ತುದಿಗೆ ಬಂದು ಕೂರುತ್ತಿದ್ದನಂತೆ. ಈಗ ಬೆಂಚಿನ ಮೇಲೆ ಅವನ ಪ್ರತಿಮೆ ಇದೆ. ಜನ ಪಕ್ಕದಲ್ಲಿ ಕುಳಿತು, ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ಬದುಕಿದ್ದಾಗ ಅವನ ಹೆಗಲ ಮೇಲೆ ಕೈ ಹಾಕುವ ಧೈರ್ಯ ಈ ತೋಟದಲ್ಲಿ ಯಾರಿಗಿತ್ತೋ!

ಬೆಟ್ಟದ ತುದಿಯಲ್ಲಿ ಯಜಮಾನನನ್ನು ಕೂರಿಸುವುದು ಈ ದ್ವೀಪದ ಸ್ವಂತ ರೂಢಿಯೇನೂ ಅಲ್ಲ. ಇದೇ ದೇಶದ ಶ್ರೀಪಾದ ಬೆಟ್ಟದ ತುದಿಯಲ್ಲಿರುವ ಹೆಜ್ಜೆಗುರುತನ್ನು ಬೌದ್ಧರು ಬುದ್ಧನದೆನ್ನುತ್ತಾರೆ, ಹಿಂದೂಗಳು ಶಿವನದೆನ್ನುತ್ತಾರೆ, ಮುಸ್ಲಿಮರು ಆದಮನದೆನ್ನುತ್ತಾರೆ, ಎಲ್ಲರೂ ಅವೇ ಮೆಟ್ಟಿಲುಗಳನ್ನು ಹತ್ತುತ್ತಾರೆ. ಬಾಬಾಬುಡನ್‌ಗಿರಿಯ ಜಗಳ ಗೊತ್ತಿರುವ ನನಗೆ ಅಲ್ಲಿ ಹೋದಾಗ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಆದರೂ ನೆಂಟರನ್ನು ಯಜಮಾನನ ಬೆಂಚಿಗೆ ಕರೆತರುವುದಕ್ಕೆ ಕಾರಣವಿದೆ, ಅದು ದಾರಿ. ಕಾರ್ಖಾನೆಯಿಂದ ತುದಿಗೆ ಸುಮಾರು ಏಳು ಕಿಲೋಮೀಟರ್. ಅಷ್ಟೂ ದೂರ ರಸ್ತೆ ತೋಟದ ನಡುವೆಯೇ ಸುತ್ತುತ್ತ ಏರುತ್ತದೆ. ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳು, ಶಾಲೆ, ಕೋವಿಲು, ಎಲೆ ತೂಗುವ ಕೊಟ್ಟಿಗೆ, ಹಗ್ಗದ ಮೇಲೆ ಒಣಗುವ ಬಟ್ಟೆ ಎಲ್ಲವೂ ದಾರಿಯ ಮಗ್ಗುಲಲ್ಲೇ ಇವೆ. ಚಹಾ ಗಿಡ ಸೊಂಟದೆತ್ತರ ಮೀರದಂತೆ ಸವರಿರುವುದರಿಂದ ನಡುವೆ ನಿಂತು ಚಿಗುರು ಕೊಯ್ಯುವ ಹೆಂಗಸರು, ಬೆನ್ನ ಚೀಲದ ಭಾರ, ಕೆಲಸದ ಮೇಲೆ ಕಣ್ಣಿಟ್ಟು ಬದಿಯಲ್ಲಿ ನಿಂತ ಕಂಗಾಣಿ ಯಾರೂ ಕಣ್ಣಿಗೆ ತಪ್ಪುವುದಿಲ್ಲ.

ನಮ್ಮ ಕಾಫಿ ಸೀಮೆಯಲ್ಲಿ ಇದು ಆಗುವುದಿಲ್ಲ. ಕಾಫಿಗೆ ನೆರಳು ಬೇಕು. ಮೇಲೆ ಮರ, ಮರಕ್ಕೆ ಹಬ್ಬಿದ ಮೆಣಸು, ಕೆಳಗೆ ಗಿಡ, ಎಲ್ಲಕ್ಕೂ ಮುಂದೆ ಬೇಲಿ ಮತ್ತು ಗೇಟು. ಚಿಕ್ಕಮಗಳೂರಿನಿಂದ ಗಿರಿಗೆ ಹೋಗುವ ಪ್ರವಾಸಿ ಆ ಹಸಿರನ್ನು ನೋಡುತ್ತಾನೆಯೇ ಹೊರತು ಹಣ್ಣು ಬಿಡಿಸುವವರನ್ನು ನೋಡುವುದಿಲ್ಲ. ಅಸ್ಸಾಮಿನಿಂದ ಬಂದವರೂ ಅಲ್ಲಿ ದುಡಿಯುತ್ತಾರೆ ಎಂಬುದು ಹೋಂಸ್ಟೇಯಲ್ಲಿ ಎರಡು ರಾತ್ರಿ ಕಳೆದವನಿಗೂ ತಿಳಿಯದೇ ಹೋಗಬಹುದು. ಲೈನ್ ಮನೆಗಳು ಅಲ್ಲೂ ಇವೆ, ಅತಿಥಿ ನಡೆಯುವ ದಾರಿಯಲ್ಲಿಲ್ಲ, ಅಷ್ಟೆ. ಮರಗಳಿರುವುದು ಒಳ್ಳೆಯದೇ, ಹಕ್ಕಿ, ಮಣ್ಣು, ನೀರಿನ ಲೆಕ್ಕದಲ್ಲಿ ಬೋಳಿಸಿದ ಚಹಾ ಗುಡ್ಡಕ್ಕಿಂತ ನಮ್ಮ ತೋಟ ಎಷ್ಟೋ ಮೇಲು. ನನ್ನ ತಕರಾರು ಗೇಟಿನ ಮೇಲೆ.

ದಂಬತೆನ್ನದ ದಾರಿಯಲ್ಲಿ ಕಾಣುವವರ ಹಿರಿಯರು ಹೆಚ್ಚಿನ ಪಾಲು ತಮಿಳುನಾಡಿನಿಂದ ಬಂದವರು. 1948ರ ಪೌರತ್ವ ಕಾಯ್ದೆ ಅವರಲ್ಲಿ ಬಹುತೇಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಭಾರತದ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಕುಳಿತು 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ ಎಂದು ಹಂಚಿಕೊಂಡರು. ಹಾಗೆ ಮರಳಿದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿನ ಕಡೆಗೂ ಬಂದರು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಅವರಿಗೆ ಕೆಲಸ ಕೊಡಲಾಯಿತು. ದಕ್ಷಿಣ ಕನ್ನಡದ ನೆಂಟರಿಗೆ ಇದನ್ನು ಹೇಳಿದರೆ "ಹೌದಲ್ಲ, ನಮ್ಮಲ್ಲಿ ಸಿಲೋನಿನವರು ಇದ್ದಾರೆ" ಎಂದು ತಟ್ಟನೆ ನೆನಪಾಗುತ್ತದೆ. ಇಲ್ಲೇ ಉಳಿದವರ ದಿನಗೂಲಿ ಒಂದು ಸಾವಿರ ರೂಪಾಯಿ ಮುಟ್ಟಲು 2021ರವರೆಗೆ ಕಾಯಬೇಕಾಯಿತು. ಅದೂ ಶ್ರೀಲಂಕಾ ರೂಪಾಯಿ.

ಇಷ್ಟು ತಿಳಿದ ಮೇಲೂ ನೆಂಟರು ಒಂದು ವಿಷಯಕ್ಕೆ ಮುನಿಸಿಕೊಳ್ಳುತ್ತಾರೆ. ಚಿಗುರು ಕೊಯ್ಯುವವರ ಫೋಟೊ ತೆಗೆದರೆ ಕೆಲವರು ದುಡ್ಡು ಕೇಳುತ್ತಾರೆ. "ಪ್ರವಾಸಿಗರು ಇವರನ್ನು ಕೆಡಿಸಿದ್ದಾರೆ" ಎಂಬ ಗೊಣಗಾಟ ಆಗ ಶುರುವಾಗುತ್ತದೆ. ಇದರಲ್ಲಿ ಕೆಡುವುದೇನು ಬಂತು? ಆಕೆಗೆ ದಿನದ ಲೆಕ್ಕಕ್ಕೆ ಇಷ್ಟು ಕಿಲೋ ಎಲೆ ತುಂಬಿಸಬೇಕು. ನೀವು "ಸ್ವಲ್ಪ ಈ ಕಡೆ ನೋಡಮ್ಮ, ನಗಮ್ಮ" ಎನ್ನುವಷ್ಟು ಹೊತ್ತು ಆಕೆಯ ಕೈ ನಿಲ್ಲುತ್ತದೆ. ಮೇಲೆ ಹೋಗಿ ಲಿಪ್ಟನ್ನಿನ ಪ್ರತಿಮೆ ನೋಡಲು ಟಿಕೆಟ್ ಕೊಳ್ಳುವಾಗ ಯಾರೂ ಗೊಣಗಿದ್ದನ್ನು ನಾನು ಕೇಳಿಲ್ಲ.

ಇಲ್ಲಿಗೆ ಬರುವವರನ್ನು ಸುಮ್ಮನೆ ಹೊಗಳುವುದೂ ಬೇಡ. ಪ್ರವಾಸಿಗರಲ್ಲಿ ಹೆಚ್ಚಿನವರು ಹಪುತಳೆಯಲ್ಲೇ ತ್ರೀವೀಲ್ (ಇಲ್ಲಿನ ಆಟೋ) ಹತ್ತಿ, ತುದಿಯ ಹತ್ತಿರ ಇಳಿದು, ಫೋಟೊ ಮುಗಿಸಿ, ಅದರಲ್ಲೇ ಇಳಿದು ಹೋಗುತ್ತಾರೆ. ರಜಾದಿನ ಮುಳ್ಳಯ್ಯನಗಿರಿಯ ಕೆಳಗೆ ಕಾರುಗಳು ಮೈಲಿಗಟ್ಟಲೆ ನಿಲ್ಲುವುದಕ್ಕೂ ಇದಕ್ಕೂ ಗಾತ್ರದಲ್ಲಷ್ಟೇ ವ್ಯತ್ಯಾಸ. ವಾಹನಗಳಿಗೆ ಮಿತಿ ಹಾಕಿದರೆ ನಮ್ಮೂರಿನ ದಟ್ಟಣೆ ತಗ್ಗಬಹುದು, ಗೇಟಿನೊಳಗಿನ ಬದುಕು ಆಗಲೂ ಕಾಣುವುದಿಲ್ಲ. ಹತ್ತು ಎಸ್ಟೇಟುಗಳಾದರೂ ತಮ್ಮ ತೋಟದೊಳಗೆ ನಡೆದುಹೋಗುವ ದಾರಿ ಬಿಟ್ಟುಕೊಟ್ಟರೆ, ಅದರ ಶುಲ್ಕದಲ್ಲಿ ಕಾರ್ಮಿಕರಿಗೂ ಪಾಲು ಕೊಟ್ಟರೆ, ಜನ ಕಾರು ಬಿಟ್ಟು ಬರುತ್ತಾರೆಂಬ ನಂಬಿಕೆ ನನಗಿದೆ. ಬೆಳೆಗಾರರು ಕಳ್ಳತನದ ಭಯ ಹೇಳುತ್ತಾರೆ, ಅದು ಸುಳ್ಳೇನಲ್ಲ. ಕೊಯ್ಲಿನ ತಿಂಗಳುಗಳಲ್ಲಿ ದಾರಿ ಮುಚ್ಚಲಿ, ಉಳಿದ ಕಾಲದಲ್ಲಿ ತೆರೆಯಲಿ.

ಬರುವವರಿಗೆ ನಾನು ಕೊಡುವ ಸಲಹೆ ಇಷ್ಟು. ಹತ್ತು ಗಂಟೆಯ ಹೊತ್ತಿಗೆ ಸಾಮಾನ್ಯವಾಗಿ ಮಂಜು ಏರಿ ಕಣಿವೆ ಮುಚ್ಚಿಕೊಳ್ಳುತ್ತದೆ, ಆದ್ದರಿಂದ ಬೆಳಗ್ಗೆ ಬೇಗ ಏಳಿ. ತ್ರೀವೀಲ್ ಬೇಡ. ತೋಟದ ಜನ ಓಡಾಡುವ ಬಸ್ಸು ಹಪುತಳೆಯಿಂದ ದಂಬತೆನ್ನ ಕಾರ್ಖಾನೆಯವರೆಗೆ ಹೋಗುತ್ತದೆ, ಅದನ್ನು ಹಿಡಿಯಿರಿ, ಅಲ್ಲಿಂದ ನಡೆಯಿರಿ. ಜೇಬಿನಲ್ಲಿ ಚಿಲ್ಲರೆ ನೋಟುಗಳಿರಲಿ. ಮೇಲೆ ಗೂಡಂಗಡಿಯಲ್ಲಿ ರೊಟ್ಟಿ, ಚಹಾ ಸಿಗುತ್ತದೆ. ಕಾಫಿ ಕೇಳಬೇಡಿ, ನಿಮಗೆ ರುಚಿಸುವುದಿಲ್ಲ.