ಸೊಂಟದ ಮೂಳೆ ಮುರಿತ: ನಮ್ಮ ಕಡೆ ತಡವೇ ದೊಡ್ಡ ತೊಂದರೆ

ಹಲವು ಪಾಶ್ಚಾತ್ಯ ದೇಶಗಳಲ್ಲಿ ವೃದ್ಧರ ಸೊಂಟದ ಮೂಳೆ ಮುರಿತದ ದರ ಇಳಿದಿದೆ ಎನ್ನುತ್ತಾರೆ. ನಿಜ, ಆದರೆ ಅದು ವಯಸ್ಸಿಗೆ ಸರಿಹೊಂದಿಸಿ, ಅಂದರೆ ವೃದ್ಧರ ಸಂಖ್ಯೆ ಹೆಚ್ಚಿದ್ದರ ಪ್ರಭಾವ ಬದಿಗಿಟ್ಟು, ತೆಗೆದ ದರ. ಎಂಬತ್ತು ದಾಟಿದವರು ಹೆಚ್ಚುತ್ತಿರುವುದರಿಂದ ಒಟ್ಟು ಪ್ರಕರಣಗಳು ಎಷ್ಟೋ ಕಡೆ ಏರುತ್ತಲೇ ಇವೆ.

ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಿಗೆ ಬೇಕಾದ ಮಾತು ಬೇರೆ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು, ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಮುರಿದಿದೆ ಎಂದೇ ತಿಳಿಯಿರಿ. ಎಣ್ಣೆ ಹಚ್ಚಿ ನೀವುವುದು, ನಾಟಿ ಕಟ್ಟು ಕಟ್ಟಿಸುವುದು ಬೇಡವೇ ಬೇಡ. ತೊಡೆಮೂಳೆಯ ಕುತ್ತಿಗೆ, ಅಂದರೆ ಸೊಂಟದ ಕೀಲಿನ ಹತ್ತಿರದ ಸಪೂರ ಭಾಗ, ಮುರಿದು ಸರಿದರೆ ಕೀಲಿನೊಳಗಿನ ಅದರ ಗುಂಡನೆಯ ತಲೆಗೆ ಹೋಗುವ ರಕ್ತವೇ ನಿಲ್ಲಬಹುದು. ಅಂಥದ್ದು ಕಟ್ಟಿನಿಂದ ಕೂಡುವುದಿಲ್ಲ. ತುದಿಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಕೆಲವರು ಕುಂಟುತ್ತಾ ಓಡಾಡುವುದೂ ಉಂಟು, ಹಾಗಾಗಿ ತೊಡೆಸಂದಿ ನೋವಿದ್ದರೆ ಎಕ್ಸ್‌ರೇ ಮಾಡಿಸಲೇಬೇಕು. ಆಪರೇಷನ್ 48 ಗಂಟೆಯೊಳಗೆ ಆಗಲಿ. ಮಲಗಿದಷ್ಟೂ ನ್ಯುಮೋನಿಯಾ, ಬೆನ್ನುಹುಣ್ಣು, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ.

ರಾಡು ಹಾಕಿಸಿದರೆ ಮುಗಿಯಲಿಲ್ಲ. ಮೂಳೆ ಟೊಳ್ಳಾಗುವುದಕ್ಕೆ (ಆಸ್ಟಿಯೊಪೊರೋಸಿಸ್) ಔಷಧಿ ಕೊಡಿಸದಿದ್ದರೆ ಇನ್ನೊಂದು ಕಡೆಯೂ ಮುರಿಯಬಹುದು. ವರ್ಷಕ್ಕೊಮ್ಮೆ ಕೊಡುವ 5 ಮಿಲಿಗ್ರಾಂ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಬಗ್ಗೆ ಡಿಸ್ಚಾರ್ಜ್‌ಗೆ ಮುಂಚೆಯೇ ಡಾಕ್ಟರನ್ನು ಕೇಳಿ. ಅದಕ್ಕೂ ಮೊದಲು ರಕ್ತದಲ್ಲಿ ವಿಟಮಿನ್ ಡಿ, ಕ್ಯಾಲ್ಸಿಯಂ, ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ನೋಡಿಸಿರಬೇಕು. ಜೋಳದ ರೊಟ್ಟಿಯಲ್ಲಿ ಕ್ಯಾಲ್ಸಿಯಂ ಅಷ್ಟಕ್ಕಷ್ಟೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಒಂದು ಹೊತ್ತು ಮುದ್ದೆ ಕೊಡಿ.